ವೈರ್‌ಲೆಸ್ ಮಲ್ಟಿಮೀಟರ್‌ನ ಲಾಗ್ ಕಡತಗಳು: ಹೆಸರು, ಅಳತೆಯ ಅಂತರ, ಅಳಿಸುವ ಮುನ್ನದ ಪರಿಶೀಲನೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಬ್ಲೂಟೂತ್ ಇರುವ ಡಿಜಿಟಲ್ ಮಲ್ಟಿಮೀಟರ್‌ನಲ್ಲಿ ಕೆಲವೊಮ್ಮೆ ಬ್ಯಾಟರಿಯ ವೋಲ್ಟೇಜನ್ನೂ ಕೆಲವೊಮ್ಮೆ ಹೀಟ್ ಸಿಂಕ್‌ಗೆ ಅಂಟಿಸಿದ ಥರ್ಮಿಸ್ಟರ್‌ನ (ಬಿಸಿಗೆ ತಕ್ಕಂತೆ ರೆಸಿಸ್ಟೆನ್ಸ್ ಬದಲಾಗುವ ಬಿಡಿಭಾಗ) ರೆಸಿಸ್ಟೆನ್ಸನ್ನೂ ಸೆಕೆಂಡಿಗೊಂದರಂತೆ ಲಾಗ್ ಮಾಡಿ, ಆ್ಯಪ್ ಮೂಲಕ ಫೋನಿಗೆ ಇಳಿಸಿಕೊಂಡು, ಸಿಎಸ್‌ವಿ ಕಡತವಾಗಿ ಕಂಪ್ಯೂಟರ್‌ಗೆ ಕಳುಹಿಸುತ್ತೇನೆ. ಈಗ ಮೀಟರ್‌ನ ಮೆಮೊರಿ ತುಂಬುತ್ತ ಬಂದಿದೆ. ಕಡತಗಳ ಹೆಸರೆಲ್ಲ ಬರೀ ಕ್ರಮಸಂಖ್ಯೆಗಳಾಗಿರುವುದರಿಂದ ಯಾವುದು ಯಾವ ಪರೀಕ್ಷೆಯದೆಂದು ತಿಳಿಯುವುದಿಲ್ಲ. ಸಾಲದ್ದಕ್ಕೆ, ಥರ್ಮಿಸ್ಟರ್‌ನ ಗ್ರಾಫ್ ಒಂದೆಡೆ 600ರ ಹತ್ತಿರದಿಂದ ಏಕಾಏಕಿ ಸೊನ್ನೆಯ ಬಳಿಗೆ ಧುಮುಕುತ್ತದೆ. ಮೀಟರ್ ಕೆಟ್ಟಿದೆಯೇ? ಹಳೆಯ ಲಾಗ್‌ಗಳನ್ನು ಅಳಿಸುವ ಮುನ್ನ ಏನನ್ನು ನೋಡಿಕೊಳ್ಳಬೇಕು?

ಉತ್ತರ 1

ಮೀಟರ್ ಕೆಟ್ಟಿರಲಾರದು, ಇದು ಆಟೋ ರೇಂಜ್‌ನ, ಅಂದರೆ ಅಳತೆಗೆ ತಕ್ಕ ವ್ಯಾಪ್ತಿಯನ್ನು ಮೀಟರ್ ತಾನೇ ಆರಿಸಿಕೊಳ್ಳುವ ಸೌಲಭ್ಯದ, ಕೆಲಸವೆಂದು ತೋರುತ್ತದೆ. ಹೀಟ್ ಸಿಂಕ್ ತಣ್ಣಗಾಗುತ್ತಿದ್ದಂತೆ ಎನ್‌ಟಿಸಿ ಥರ್ಮಿಸ್ಟರ್‌ನ ರೆಸಿಸ್ಟೆನ್ಸ್ ಏರುತ್ತದೆ; 599.6 ಓಮ್ ಆದ ಮೇಲೆ ಮೀಟರ್ ಮೇಲಿನ ರೇಂಜ್‌ಗೆ ಹೋಗಿ 0.604 ಕಿಲೋ ಓಮ್ ಎಂದು ಬರೆಯುತ್ತದೆ. ಮಾನ ಪಕ್ಕದ ಕಾಲಂನಲ್ಲಿರುತ್ತದೆ, ಗ್ರಾಫ್ ಮಾತ್ರ ಅಂಕಿಯನ್ನಷ್ಟೇ ನೋಡುತ್ತದೆ. ಹಳೆಯ ಕಡತಗಳಲ್ಲಿ ಕಿಲೋ ಓಮ್ ಎಂದಿರುವ ಸಾಲುಗಳನ್ನು 1000ದಿಂದ ಗುಣಿಸಿ ಹೊಸ ಕಾಲಂನಲ್ಲಿ ಬರೆದುಕೊಳ್ಳಿ. ಮುಂದೆ ಲಾಗಿಂಗ್ ಶುರುಮಾಡುವ ಮೊದಲು ರೇಂಜ್ ಬಟನ್ ಒತ್ತಿ ರೇಂಜನ್ನು ಸ್ಥಿರಗೊಳಿಸಿ. ಓಎಲ್ (ಓವರ್‌ಲೋಡ್, ಅಂದರೆ ಅಳತೆ ರೇಂಜನ್ನು ಮೀರಿದೆ) ಎಂದು ದಾಖಲಾದ ಸಾಲುಗಳನ್ನೂ ಗಮನಿಸಿ, ಏಕೆಂದರೆ ಎಕ್ಸೆಲ್ ಗ್ರಾಫ್‌ನಲ್ಲಿ ಅಕ್ಷರಗಳಿರುವ ಕೋಶ ಸೊನ್ನೆಯಾಗಿ ಕಾಣುತ್ತದೆ, ಆದರೆ ಓಎಲ್‌ನ ಅರ್ಥ ಅದಕ್ಕೆ ತದ್ವಿರುದ್ಧ.

ಉತ್ತರ 2

ಅಳಿಸುವ ವಿಷಯದಲ್ಲಿ ಆತುರ ಬೇಡ. ಕಡತ ಕಂಪ್ಯೂಟರ್‌ಗೆ ಬಂದಿದೆ ಎಂಬುದಷ್ಟೇ ಸಾಲದು; ಅದನ್ನು ತೆರೆದು, ಕೊನೆಯ ಸಾಲಿನ ಸಮಯವೂ ಒಟ್ಟು ಸಾಲುಗಳ ಸಂಖ್ಯೆಯೂ ಮೀಟರ್ ತೋರಿಸುವುದಕ್ಕೆ ಹೊಂದುತ್ತವೆಯೇ ಎಂದು ನೋಡಿದ ಮೇಲೆಯೇ ಮೆಮೊರಿ ಖಾಲಿ ಮಾಡಬೇಕು, ಏಕೆಂದರೆ ವರ್ಗಾವಣೆ ನಡುವೆ ಕಡಿದುಹೋದರೆ ಅರ್ಧ ಕಡತವೂ ಪೂರ್ಣ ಕಡತದಂತೆಯೇ ತೆರೆದುಕೊಳ್ಳಬಲ್ಲದು. ಹೆಸರಿನಲ್ಲಿ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ದಿನಾಂಕವಿರಲಿ, ಆಮೇಲೆ ಪರೀಕ್ಷಿಸಿದ ವಸ್ತು ಮತ್ತು ಅಳತೆ. ಹಾಗಿದ್ದರೆ ಫೋಲ್ಡರ್ ತಾನಾಗಿಯೇ ಕಾಲಾನುಕ್ರಮದಲ್ಲಿ ಜೋಡಣೆಯಾಗುತ್ತದೆ. ಮೂಲ ಕಡತವನ್ನು ರೀಡ್ ಓನ್ಲಿ ಮಾಡಿ, ಲೆಕ್ಕಾಚಾರವನ್ನೆಲ್ಲ ಪ್ರತಿಯಲ್ಲೇ ನಡೆಸಿ. ಸಿಎಸ್‌ವಿಯನ್ನು ನೇರವಾಗಿ ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಿದರೆ ಮಾರ್ಚ್ 7 ಜುಲೈ 3 ಆಗಿಬಿಡುವುದುಂಟು.

ಉತ್ತರ 3

ಇಷ್ಟೆಲ್ಲ ಕಡತಗಳು ಸೇರುವುದಕ್ಕೆ ಸೆಕೆಂಡಿಗೊಂದು ರೀಡಿಂಗ್ ಎಂಬ ಆಯ್ಕೆಯೇ ಮೂಲ. ಆ ಲೆಕ್ಕದಲ್ಲಿ ದಿನಕ್ಕೆ 86,400 ಸಾಲುಗಳಾಗುತ್ತವೆ. ಎಕ್ಸೆಲ್ ಹಾಳೆಯ ಮಿತಿ 10,48,576 ಸಾಲುಗಳಾದ್ದರಿಂದ 13ನೆಯ ದಿನ ಅದು ತುಂಬಿಹೋಗುತ್ತದೆ. ನಿಧಾನವಾಗಿ ಇಳಿಯುವ ಬ್ಯಾಟರಿ ವೋಲ್ಟೇಜ್‌ಗೆ 30 ಸೆಕೆಂಡಿಗೊಂದು, ಅಂದರೆ ದಿನಕ್ಕೆ 2,880 ಸಾಲು, ಧಾರಾಳವಾಯಿತು. ಲೋಡ್ ಬಿದ್ದಾಗ ಕ್ಷಣಮಾತ್ರ ಕುಸಿಯುವ ವೋಲ್ಟೇಜ್ ನಿಮಗೆ ಮುಖ್ಯವಾದರೆ ಮಾತ್ರ ಈ ಸಲಹೆ ಒಪ್ಪುವುದಿಲ್ಲ, ಅದಕ್ಕೆ ಮಿನ್-ಮ್ಯಾಕ್ಸ್ (ಕನಿಷ್ಠ-ಗರಿಷ್ಠ) ದಾಖಲೆ ಬೇಕು.

ಪ್ರಶ್ನೆ ಕೇಳಿದವರು

ತುಂಬ ಧನ್ಯವಾದಗಳು, ಮಾನದ ಕಾಲಂ ನೋಡಿದೆ, ಕಾರಣ ಅದೇ. ಮೀಟರ್‌ನ ಮೆಮೊರಿಯನ್ನು ಬಿಟ್ಟು ನೇರವಾಗಿ ಫೋನಿನಲ್ಲೇ ಲಾಗ್ ಮಾಡಿದರೆ ಆಗದೇ?

ಉತ್ತರ 2 ಬರೆದವರು

ಹತ್ತಿರ ಕುಳಿತು ನೋಡುವ ಸಣ್ಣ ಪರೀಕ್ಷೆಗಾದರೆ ಆಗುತ್ತದೆ. ರಾತ್ರಿಯಿಡೀ ಬಿಡುವುದಾದರೆ ನಾನು ಮೀಟರ್‌ನ ಮೆಮೊರಿಯನ್ನೇ ನಂಬುತ್ತೇನೆ, ಏಕೆಂದರೆ ಫೋನ್ ಬ್ಯಾಟರಿ ಉಳಿಸಲೆಂದು ಹಿನ್ನೆಲೆಯ ಆ್ಯಪನ್ನು ನಿಲ್ಲಿಸಬಹುದು, ಗೋಡೆಯಾಚೆ ಹೋದರೆ ಸಂಪರ್ಕವೂ ಕಡಿಯಬಹುದು. ಹಾಗೆ ಕಡಿದಾಗ ಕಡತದಲ್ಲಿ ಖಾಲಿ ಸಾಲುಗಳೇನೂ ಉಳಿಯದೆ ಸಮಯ ಮಾತ್ರ ಜಿಗಿದಿರುತ್ತದೆ. ಆದ್ದರಿಂದ ಸಾಲಿನ ಸಂಖ್ಯೆಯ ಬದಲು ಸಮಯವನ್ನೇ ಅಡ್ಡ ಅಕ್ಷದಲ್ಲಿಟ್ಟು ಸ್ಕ್ಯಾಟರ್ ಚಾರ್ಟ್ ಬಿಡಿಸಿ. ಎರಡು ವಿಧಾನಗಳಲ್ಲಿ ಯಾವುದನ್ನೇ ಬಳಸಿದರೂ ಮೀಟರ್‌ನ ಆಟೋ ಪವರ್ ಆಫ್ ಸೌಲಭ್ಯವನ್ನು ಮೊದಲೇ ಪರಿಶೀಲಿಸಿ, ಮೀಟರ್‌ನ ಸೆಲ್ ಬದಲಿಸಿದ್ದರೆ ಗಡಿಯಾರವನ್ನೂ ಸರಿಪಡಿಸಿಕೊಳ್ಳಿ.