‘ಹಾರಳತೆ’ ಅನ್ಬಹುದಾ? ವಿಮಾನದ ದೂರಕ್ಕೆ ಒಂದು ಪದ ಬೇಕಿತ್ತು

ಎಲ್ರಿಗೂ ನಮಸ್ಕಾರ, ನಾನು ವಿರಾಜಪೇಟೆ ಕಡೆಯವನು.

ಅಕ್ಕನ ಮಗ ಮಿಲಿಟ್ರಿಲಿದ್ದಾನೆ, ಲೇಹ್‌ನಿಂದ ಪೋರ್ಟ್ ಬ್ಲೇರ್‌ಗೆ ಟ್ರಾನ್ಸ್‌ಫರ್ ಆಯ್ತು. ಅಕ್ಕ ಮೊಬೈಲಲ್ಲಿ ಯಾವ್ದೋ ಕನ್ನಡ ಪುಟ ತೆಗ್ದು ನೋಡಿದ್ರೆ ‘ವಿಮಾನ ಅಂತರ ಸುಮಾರು 2,940 ಕಿ.ಮೀ., ಪ್ರಯಾಣ ಸಮಯ 3 ಗಂಟೆ 30 ನಿಮಿಷ’ ಅಂತಿತ್ತು. ಬೆಳಿಗ್ಗೆ ಹೊರಟೋನು ಮಧ್ಯಾಹ್ನದ ಊಟಕ್ಕೆ ಅಲ್ಲಿರ್ತಾನೆ ಅಂತ ಇವಳು ಲೆಕ್ಕ ಹಾಕ್ಕೊಂಡು ಕೂತ್ಲು. ಅವನು ದೆಹಲಿಲಿ ಇಳ್ದು ಇನ್ನೊಂದು ವಿಮಾನಕ್ಕೆ ಕಾದು ಮುಟ್ಟೋಹೊತ್ತಿಗೆ ಮಾರನೇ ದಿನ.

ತಪ್ಪು ಲೆಕ್ಕದ್ದಲ್ಲ, ಪದದ್ದು ಅಂತ ನಂಗನ್ಸುತ್ತೆ. ಆ ಮೂರೂವರೆ ಗಂಟೆ ಅನ್ನೋದು ದೂರಾನ ವಿಮಾನದ ವೇಗದಿಂದ ಭಾಗಿಸಿ ಬಂದಿದ್ದಷ್ಟೆ, ಅದು ಹಾರಾಟದ ಹೊತ್ತು. ಪ್ರಯಾಣ ಅಂದ್ರೆ ನಮಗೆ ಮನೆ ಬಾಗ್ಲಿಂದ ಶುರು. ಪೈಲಟ್‌ಗಳ ಲೆಕ್ಕ ಮತ್ತೂ ಬೇರೆ, ವಿಮಾನ ನಿಂತ ಜಾಗ ಬಿಟ್ಟು ಕದಲಿದಾಗಿಂದ ಆಚೆ ಕಡೆ ಹೋಗಿ ನಿಲ್ಲೋವರೆಗೆ ಹಿಡೀತಾರೆ. ಮೂರಕ್ಕೂ ‘ಪ್ರಯಾಣ ಸಮಯ’ ಅಂತ ಬರೆದ್ರೆ ಹೆಂಗೆ?

ಇನ್ನು ‘ಅಂತರ’ ಅನ್ನೋದು ನಂಗೆ ಎರಡು ಸಾಲು ಕಾಫಿ ಗಿಡದ ಮಧ್ಯೆ ಬಿಡೋ ಜಾಗ, ಅಥವಾ ಚುನಾವಣೇಲಿ ಗೆದ್ದ ಓಟು. ‘ನೇರ ದೂರ’ ಅನ್ನೋಣ ಅಂದ್ರೆ ಭೂಮಿ ಗುಂಡಗಿದೆ, ನೇರವಾಗೇ ಹೋಗ್ಬೇಕಂದ್ರೆ ನೆಲ ಕೊರೀಬೇಕು! ಗ್ಲೋಬ್ ಮೇಲೆ ಎರಡೂರಿಗೆ ದಾರ ಬಿಗಿಯಾಗಿ ಹಿಡಿದ್ರೆ ಬರೋ ದಾರಿ ಅದು, ವಿಜ್ಞಾನದ ಪುಸ್ತಕದಲ್ಲಿ ‘ಮಹಾವೃತ್ತ’ ಅಂತಾರೆ, ಸರಿಯಾದ ಪದಾನೇ, ಆದ್ರೆ ಅಕ್ಕಂಗೆ ಹೇಳಕ್ಕಾಗಲ್ಲ.

ನಮ್ಮಲ್ಲಿ ‘ಕೂಗಳತೆ ದೂರ’ ಇದೆಯಲ್ಲ, ಕೂಗಿದ್ರೆ ಕೇಳೋಷ್ಟು. ಹರದಾರಿ, ಗಾವುದ ಎಲ್ಲ ಹೋದ್ವು, ಇದೊಂದು ಉಳ್ಕೊಂಡಿದೆ. ಕೂಗು ಅಳತೆ ಸೇರಿ ಕೂಗಳತೆ ಆಗೋದಾದ್ರೆ ಹಾರು ಅಳತೆ ಸೇರಿ ‘ಹಾರಳತೆ’ ಯಾಕಾಗ್ಬಾರ್ದು? ವಿರಾಜಪೇಟೆಯಿಂದ ಮಟ್ಟನೂರಿನ ಕಣ್ಣೂರು ಏರ್‌ಪೋರ್ಟಿಗೆ ಹಾರಳತೆ 40 ಕಿ.ಮೀ. ಚಿಲ್ರೆ, ಮಾಕುಟ್ಟ ಘಾಟಿ ಇಳ್ಕೊಂಡು ರೋಡಲ್ಲಿ ಹೋದ್ರೆ 60ರ ಹತ್ರ. ಹಿಂಗೆ ಬರೆದ್ರೆ ಥಟ್ಟಂತ ತಿಳಿಯುತ್ತೆ. (ಏರ್‌ಪೋರ್ಟೇ ಇಲ್ದ ಜಿಲ್ಲೆಯೋನಿಗೆ ಇದೆಲ್ಲ ಯಾಕೆ ಅನ್ಬೇಡಿ, ಮಳೆಗಾಲದಲ್ಲಿ ಘಾಟಿ ಬಂದಾದಾಗ ಈ ಎರಡು ದೂರದ ವ್ಯತ್ಯಾಸ ನಮಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ.)

ಮಗಳು ಮಾತ್ರ ‘ಅಪ್ಪಾ, ಹಾರಳತೆ ಅಂದ್ರೆ ಲಾಂಗ್ ಜಂಪ್ ಅಳೆದಂಗಿದೆ’ ಅಂತ ನಗ್ತಾಳೆ. ಅವಳ ಮಾತಲ್ಲೂ ಹುರುಳಿದೆ, ಹಾರೋದು ಅಂದ್ರೆ ನೆಗೆಯೋದೂ ಹೌದಲ್ಲ. ‘ಹಾರುದೂರ’ ಮಾಡಿದ್ರೂ ಅದೇ ತೊಡಕು. ನಿಮ್ಮ ಕಡೆ ಇದಕ್ಕೆ ಮೊದ್ಲಿಂದ ಏನಾದ್ರೂ ಮಾತಿದ್ರೆ, ಮುಖ್ಯವಾಗಿ ಏರ್‌ಫೋರ್ಸಲ್ಲಿದ್ದು ರಿಟೈರ್ ಆದ ಕನ್ನಡದೋರು ತಮ್ಮತಮ್ಮಲ್ಲಿ ಏನಂತಿದ್ರು, ದಯವಿಟ್ಟು ತಿಳ್ಸಿ.