ಕನ್ನಡ ಅಕ್ಷರಕ್ಕೂ ಫಿನೀಷಿಯನ್ನರಿಗೂ ಸಂಬಂಧ ಇದೆಯಾ?

ಬಾದಾಮಿ ಕಲ್ಲು: ಭಾನುವಾರ ಮಗಳಿಗೆ ಕಪ್ಪೆ ಅರಭಟ್ಟನ ಶಾಸನ ತೋರಿಸಲು ಹೋಗಿದ್ದೆ. ಕತ್ತೆತ್ತಿ ನೋಡಿ, "ಅಪ್ಪಾ, ಅಕ್ಷರ ಮೊದಲು ಯಾರು ಮಾಡಿದ್ರು?" ಅಂದಳು. ಫಿನೀಷಿಯನ್ನರು ಅಂತ ಎಲ್ಲೋ ಓದಿದ ನೆನಪು. ನಿಜಾನಾ, ಸುಮ್ನೆ ಕಥೆನಾ?

ಗುಮ್ಮಟದೂರಿನವ: ಅರ್ಧ ನಿಜ ಅಣ್ಣ. ಅವರು ಈಗಿನ ಲೆಬನಾನ್ ಕರಾವಳಿಯ ವ್ಯಾಪಾರಿಗಳು. ಅವರದು 22 ಅಕ್ಷರ, ಎಲ್ಲಾ ವ್ಯಂಜನ, ಬಲದಿಂದ ಎಡಕ್ಕೆ ಬರೆಯುತ್ತಿದ್ದರು. ಮೊದಲನೆಯದು ಆಲೆಫ್, ಅಂದ್ರೆ ಎತ್ತು. ಇಂಗ್ಲಿಷಿನ ದೊಡ್ಡ ಎ ಬರೆದು ಹಾಳೆ ತಲೆಕೆಳಗು ಮಾಡಿ ಮಗಳಿಗೆ ತೋರಿಸಿ, ಎರಡು ಕೊಂಬಿನ ಮುಖ ಕಾಣುತ್ತದೆ. ಗ್ರೀಕರು ಇದನ್ನೇ ತಗೊಂಡು ಸ್ವರ ಸೇರಿಸಿದರು. ಇನ್ನೊಂದು ಕವಲು ಅರಾಮಾಯಿಕ್ ಅನ್ನೋ ಪಶ್ಚಿಮ ಏಷ್ಯಾದ ಹಳೇ ಲಿಪಿ, ಈಗಿನ ಹೀಬ್ರೂ ಅಕ್ಷರ, ಅರಬಿ ಲಿಪಿ ಎರಡೂ ಅದರಿಂದ ಬಂದವು, ಹಾಗಾಗಿ ನಮ್ಮೂರು ವಿಜಯಪುರದ ಇಬ್ರಾಹಿಂ ರೋಜಾ ಗೋರಿಯ ಕಲ್ಲಿನ ಜಾಲರಿಯಲ್ಲಿ ಕೊರೆದಿರುವ ಬರಹವೂ ಆ ಎತ್ತಿನ ವಂಶವೇ!

ಇಳಕಲ್ ಸೆರಗು: ಕನ್ನಡದ ಮಾತು ಬಿಟ್ಟೇಬಿಟ್ಟಿರಲ್ಲ ಸರ್. ನಮ್ಮದು ಹಳೆಯ ಬ್ರಾಹ್ಮಿ ಲಿಪಿಯಿಂದ ಬಂದದ್ದು, ಅದರಲ್ಲಿ ತಕರಾರಿಲ್ಲ. ಆ ಬ್ರಾಹ್ಮಿಗೆ ಅರಾಮಾಯಿಕ್ ಮೂಲ ಅಂತ ಬಹಳ ವಿದ್ವಾಂಸರು ಹೇಳುತ್ತಾರೆ, ಇಲ್ಲೇ ಹುಟ್ಟಿತು ಅಂತ ಕೆಲವರು. ಜಗಳ ಇನ್ನೂ ಮುಗಿದಿಲ್ಲ. ನನಗಂತೂ ಅಕ್ಷರಕ್ಕಿಂತ ಫಿನೀಷಿಯನ್ನರ ಬಣ್ಣದ ಮೇಲೆ ಆಸೆ ಜಾಸ್ತಿ. ಸಮುದ್ರದ ಬಸವನಹುಳುವಿನಿಂದ ನೇರಳೆ ತೆಗೆಯುತ್ತಿದ್ದರಂತೆ, ಒಂದು ಬಟ್ಟೆಗೆ ಸಾವಿರಾರು ಹುಳು!

ಬಾದಾಮಿ ಕಲ್ಲು: ಎ ತಿರುಗಿಸಿ ತೋರಿಸಿದೆ. ಈಗ ನೋಟ್‌ಬುಕ್ ತುಂಬಾ ಎತ್ತೇ. ಅಂದ ಹಾಗೆ ಇಬ್ರಾಹಿಂ ಅನ್ನೋದೂ ಹೀಬ್ರೂಗಳ ಅಬ್ರಹಾಮನ ಹೆಸರೇ ಅಲ್ವಾ?

ಗುಮ್ಮಟದೂರಿನವ: ಹೌದು. ದಾವೂದ್, ಸುಲೇಮಾನ್, ಮೂಸಾ ಕೂಡ.