ರೌಂಡೆಡ್ ಫಾಂಟಿಗೆ ‘ದುಂಡು’ ಅಂದರೆ ಸಾಕಾ?

ಫಾಂಟ್‌ಗಳ ಬಗ್ಗೆ ಕನ್ನಡದಲ್ಲಿ ಚಿಕ್ಕ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ‘ಬೋಲ್ಡ್ ರೌಂಡೆಡ್ ಸ್ಯಾನ್ಸ್ ಸೆರಿಫ್’ಗೆ ಏನು ಹೇಳೋದು ಅಂತ ಅಲ್ಲೇ ಸಿಕ್ಕಿಕೊಂಡಿದ್ದೇನೆ. (ಸೆರಿಫ್ ಅಂದರೆ ಇಂಗ್ಲಿಷ್ ಅಕ್ಷರದ ಗೆರೆಗಳ ತುದಿಯಲ್ಲಿ ಅಲಂಕಾರಕ್ಕೆ ಇರುವ ಪುಟ್ಟ ಗೆರೆ, ಅದಿಲ್ಲದ್ದು ಸ್ಯಾನ್ಸ್ ಸೆರಿಫ್.)

ಬೋಲ್ಡ್‌ಗೆ ದಪ್ಪಕ್ಷರ ಇದ್ದೇ ಇದೆ, ಬಿಡಿ. ತೊಡಕಿರುವುದು ರೌಂಡೆಡ್‌ನಲ್ಲಿ. ದುಂಡಗಿನ ಅಕ್ಷರ ಅಂದರೆ ನಮಗೆ ಚಂದದ ಕೈಬರಹ. ಅಲ್ಲದೆ ಕನ್ನಡದ ಲಿಪಿಯೇ ದುಂಡು, ಅದನ್ನು ಮತ್ತೆ ದುಂಡು ಅಂದರೆ ಓದುವವರಿಗೆ ಏನು ಗೊತ್ತಾಗಬೇಕು? ಈ ಫಾಂಟ್‌ಗಳಲ್ಲಿ ದುಂಡಗಿರುವುದು ಗೆರೆಯ ತುದಿ. 1979ರಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಗೆಂದು ಮಾಡಿದ ವಿಎಜಿ ರೌಂಡೆಡ್ ನೋಡಿ, ಹಳೆಯ ಮ್ಯಾಕ್ ಲ್ಯಾಪ್‌ಟಾಪ್‌ಗಳ ಕೀಲಿಗಳ ಮೇಲೆ ಇದ್ದದ್ದೂ ಅದೇ. ಅದರಲ್ಲಿ ಇಂಗ್ಲಿಷಿನ ದೊಡ್ಡ ‘ಐ’ ಬರೀ ನೆಟ್ಟಗಿನ ಗೆರೆ, ಮೇಲೂ ಕೆಳಗೂ ಅರ್ಧ ವೃತ್ತ. ಅಕ್ಷರ ನೆಟ್ಟಗೆ, ತುದಿ ಮಾತ್ರ ದುಂಡು.

ಸ್ಯಾನ್ಸ್ ಸೆರಿಫ್ ಅನ್ನುವುದೂ ನಮಗೆ ಸರಿಯಾಗಿ ಕೂರುವುದಿಲ್ಲ. ಕನ್ನಡಕ್ಕೆ ಸೆರಿಫ್ ಎಲ್ಲಿದೆ? ತಲೆಕಟ್ಟು ಅಲಂಕಾರವಲ್ಲ, ಅಕ್ಷರದ್ದೇ ಭಾಗ. ಗೂಗಲ್‌ನ ನೋಟೋ ಫಾಂಟ್‌ಗಳಲ್ಲಿ ಕನ್ನಡ ಸ್ಯಾನ್ಸ್, ಕನ್ನಡ ಸೆರಿಫ್ ಎರಡನ್ನೂ ಪಕ್ಕಪಕ್ಕ ಇಟ್ಟರೆ ಎದ್ದು ಕಾಣುವ ವ್ಯತ್ಯಾಸ ಗೆರೆಯದು: ಮೊದಲನೆಯದರಲ್ಲಿ ಹೆಚ್ಚುಕಮ್ಮಿ ಒಂದೇ ಸಮ, ಇನ್ನೊಂದರಲ್ಲಿ ಉಬ್ಬುತ್ತದೆ, ಸಣ್ಣಗಾಗುತ್ತದೆ. ಅದಕ್ಕೇ ನಾನು ‘ಸಮಗೆರೆ’ ಅಂತ ಹಾಕಿದ್ದೇನೆ.

ಈಗ ಕನ್ನಡದ್ದೇ ಒಂದು ಫಾಂಟ್ ತಗೊಳ್ಳಿ, ಬಾಲೂ ತಮ್ಮ. ಮುಂಬೈನ ಏಕ್ ಟೈಪ್ ತಂಡದ್ದು, ಉಚಿತ. (ತಮಿಳಿಗೆ ಬಾಲೂ ತಂಬಿ, ತೆಲುಗಿಗೆ ಬಾಲೂ ತಮ್ಮುಡು, ಮಲಯಾಳಕ್ಕೆ ಬಾಲೂ ಚೇಟ್ಟನ್. ದಕ್ಷಿಣದ ನಾಲ್ವರಲ್ಲಿ ಅಣ್ಣನ ಪಟ್ಟ ಮಲಯಾಳಕ್ಕೆ ಮಾತ್ರ ಯಾಕೋ!) ದಪ್ಪ ಗೆರೆ, ಸಲಿಗೆಯ ಮುಖ. ಮಕ್ಕಳ ಪುಸ್ತಕದ ಹೊದಿಕೆ, ತಿಂಡಿ ಪೊಟ್ಟಣ, ಪೋಸ್ಟರ್ ತಲೆಬರಹ, ಇಂಥ ಕಡೆ ಚೆನ್ನಾಗಿ ಒಪ್ಪುತ್ತದೆ. ಶೋಕಪತ್ರಕ್ಕೆ ಹಾಕಬೇಡಿ. ಉದ್ದದ ಬರಹಕ್ಕೂ ಬೇಡ, ಯಾಕೆಂದರೆ ಗೆರೆ ದಪ್ಪವಾದಷ್ಟೂ ಒಳಗಿನ ಜಾಗ ಕಮ್ಮಿ. ‘ಥ’ ನೋಡಿ, ಹೊಟ್ಟೆಯಲ್ಲಿ ಚುಕ್ಕೆ, ಕೆಳಗೆ ಸೀಳು. ಸಣ್ಣ ಸೈಜಿನಲ್ಲಿ ಚುಕ್ಕೆ ಮುಚ್ಚಿಹೋದರೆ ಅದು ‘ಧ’, ಸೀಳೂ ಹೋದರೆ ‘ದ’! ಒತ್ತಕ್ಷರಗಳ ಪಾಡಂತೂ ಕೇಳಲೇಬೇಡಿ. ಆಮೇಲೆ ಬಂದ ಬಾಲೂ ತಮ್ಮ 2ರಲ್ಲಿ ರೆಗ್ಯುಲರ್‌ನಿಂದ ಎಕ್ಸ್‌ಟ್ರಾಬೋಲ್ಡ್‌ವರೆಗೆ ಐದು ವೇಟ್ (ಗೆರೆಯ ದಪ್ಪದ ಹಂತ) ಇವೆ, ಹಾಗಾಗಿ ಸ್ವಲ್ಪ ಸಲೀಸು.

ಇಲ್ಲೇ ನನ್ನ ಇನ್ನೊಂದು ಅನುಮಾನ. ವಿಎಜಿಯಲ್ಲಿ ತುದಿ ಪೂರ್ತಿ ಅರ್ಧ ವೃತ್ತ. ಬಾಲೂನಲ್ಲಿ ಹಾಗಲ್ಲ, ಮೂಲೆಗಳನ್ನು ಸ್ವಲ್ಪ ಉಜ್ಜಿ ನಯ ಮಾಡಿದ ಹಾಗಿದೆ. ಎರಡಕ್ಕೂ ರೌಂಡೆಡ್ ಅಂತಲೇ ಅನ್ನುತ್ತಾರೆ. ನಾವು ಮೊದಲನೆಯದಕ್ಕೆ ‘ದುಂಡುತುದಿ’, ಎರಡನೆಯದಕ್ಕೆ ‘ನಯಮೂಲೆ’ ಅನ್ನಬಹುದಾ? ‘ಮೊಂಡುತುದಿ’ ಅನ್ನುವುದೂ ತಲೆಗೆ ಬಂತು, ಆದರೆ ಮೊಂಡು ಚಾಕು, ಮೊಂಡು ಮಗು ಎಲ್ಲ ನೆನಪಾಗಿ ಕೈಬಿಟ್ಟೆ. ಬೋರ್ಡ್ ಬರೆಯುವವರು, ಹಳೆಯ ಪ್ರೆಸ್ಸಿನವರು, ಡಿಟಿಪಿಯವರು ಇಂಥ ತುದಿಗೆ ಬೇರೆ ಏನಾದರೂ ಅನ್ನುತ್ತಾರಾ? ಕೇಳಿದ್ದರೆ ತಿಳಿಸಿ, ಯಾವ ಊರಿನ ಬಳಕೆ ಅನ್ನುವುದನ್ನೂ ಸೇರಿಸಿ.